ಕ್ಲೌಡ್ ಕಿಚನ್ ಹಾಕಲೋ, ಡಬ್ಬಿ ಕಟ್ಟಲೋ?

ಪ್ರಶ್ನೆ: ನಾನು ಬಾಗಲಕೋಟೆಯ ವಿದ್ಯಾಗಿರಿಯವನು. ವಯಸ್ಸು 34. ಅವ್ವ ಬಹಳ ವರ್ಷಗಳಿಂದ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ತಮ್ಮ ಪುಣೆಯ ಹೋಟೆಲೊಂದರಲ್ಲಿ ಆರು ವರ್ಷ ಅಡುಗೆ ಮಾಡಿ ಈಗ ಊರಿಗೆ ಬಂದಿದ್ದಾನೆ. ಕೈಯಲ್ಲಿ 6 ಲಕ್ಷ ರೂಪಾಯಿ ಇದೆ. ಕೂರಲು ಜಾಗವಿಲ್ಲದ, ಬರೀ ಆ್ಯಪ್ ಮೇಲೆ ಆರ್ಡರ್ ಹಿಡಿದು ಕಳಿಸುವ ಕ್ಲೌಡ್ ಕಿಚನ್ ಹಾಕಬೇಕೆಂದಿದ್ದೇವೆ. ಒಳರಸ್ತೆಯಲ್ಲಿ ತಿಂಗಳಿಗೆ 9,000 ಬಾಡಿಗೆಗೆ ಮಳಿಗೆ ಸಿಕ್ಕಿದೆ. ಬೆಂಗಳೂರಿನ ಸಲಹೆಗಾರರೊಬ್ಬರು 3.5 ಲಕ್ಷ ಕೊಟ್ಟರೆ ಬಿರಿಯಾನಿ, ಪಿಜ್ಜಾ, ಚೈನೀಸ್, ರೋಲ್, ರೊಟ್ಟಿ ಊಟ ಎಂದು ಒಂದೇ ಅಡುಗೆಮನೆಯಿಂದ ಐದು ಹೆಸರಿನ ಹೋಟೆಲ್ ನಡೆಸಿಕೊಡುತ್ತೇನೆ, ಇನ್ನೈದು ವರ್ಷದಲ್ಲಿ ಕೂತು ಉಣ್ಣುವ ಹೋಟೆಲ್‌ಗಳೇ ಇರುವುದಿಲ್ಲ ಎನ್ನುತ್ತಾರೆ. ಗೆಳೆಯನೊಬ್ಬ ಇದಕ್ಕೆ ತದ್ವಿರುದ್ಧ: "ಆ್ಯಪ್‌ನವರು ಅರ್ಧ ತಿಂತಾರ, ಕಡೀಕ ಅವರ ಅಡಿಗಿ ಮಾಡಾಕ ನಿಲ್ತಾರ" ಅಂತಾನೆ. ಯಾರ ಮಾತು ಖರೆ? ರೊಕ್ಕ ಹಾಕಬಹುದೇ?

ಉತ್ತರ: ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಖರೆ ಇದೆ. ಆದರೆ ನಿಮ್ಮ 6 ಲಕ್ಷ ಉಳಿಯುತ್ತದೋ ಕರಗುತ್ತದೋ ಎಂಬುದು ಅವೆರಡರಲ್ಲಿ ಯಾವುದರ ಮೇಲೂ ನಿಂತಿಲ್ಲ. ಬಾಗಲಕೋಟೆಯಂಥ ಊರಿನಲ್ಲಿ ದಿನಕ್ಕೆ ಎಷ್ಟು ಆರ್ಡರ್ ಬರುತ್ತವೆ, ಒಂದು ಆರ್ಡರ್‌ನಲ್ಲಿ ನಿಮ್ಮ ಕೈಗೆ ಎಷ್ಟು ಉಳಿಯುತ್ತದೆ ಎಂಬ ಎರಡು ಅಂಕಿಗಳ ಮೇಲೆ ನಿಂತಿದೆ. ಮೊದಲು ಆ ಇಬ್ಬರ ಮಾತು ಮುಗಿಸಿ, ಆಮೇಲೆ ಲೆಕ್ಕಕ್ಕೆ ಬರೋಣ.

ಕೂತು ಉಣ್ಣುವ ಹೋಟೆಲ್ ಮುಚ್ಚುತ್ತವೆ ಎಂಬ ಮಾತು ಕೊರೊನಾ ಕಾಲದ್ದು. ಆಗ ಅಮೆರಿಕದಿಂದ ಬೆಂಗಳೂರಿನವರೆಗೆ ಎಲ್ಲರೂ ಅದನ್ನೇ ನಂಬಿ ಹಣ ಸುರಿದರು. ಆಮೇಲೆ ಏನಾಯಿತು ನೋಡಿ. ಅಡುಗೆಮನೆಗಳನ್ನು ಕಟ್ಟಿ ಹೋಟೆಲಿನವರಿಗೆ ಬಾಡಿಗೆಗೆ ಕೊಡುತ್ತಿದ್ದ ತನ್ನ ವಿಭಾಗವನ್ನು ಸ್ವಿಗ್ಗಿ 2023ರಲ್ಲಿ ಬೇರೆ ಕಂಪನಿಗೆ ಬಿಟ್ಟುಕೊಟ್ಟಿತು. ಅಮೆರಿಕದಲ್ಲಿ ಕಿಚನ್ ಯುನೈಟೆಡ್ ಎಂಬ ದೊಡ್ಡ ಕಂಪನಿ ಅದೇ ವರ್ಷ ತನ್ನ ಅಡುಗೆಮನೆಗಳನ್ನು ಮಾರಲು, ಮುಚ್ಚಲು ಹೊರಟಿತು. ಫಾಸೋಸ್, ಬೆಹ್ರೂಜ್ ಬಿರಿಯಾನಿ ಹೆಸರುಗಳ ಹಿಂದಿರುವ ರೆಬೆಲ್ ಫುಡ್ಸ್ ಡೆಲಿವರಿ ಅಡುಗೆಮನೆಗಳಿಂದಲೇ ದೊಡ್ಡದಾದ ಕಂಪನಿ. ಅದು ಈಗ ಜನ ಬಂದು ಕೂತು ತಿನ್ನುವ ಫುಡ್ ಕೋರ್ಟ್‌ಗಳನ್ನೂ ತೆರೆದಿದೆ. ಮನೆಗೆ ತರಿಸಿ ಉಣ್ಣುವ ರೂಢಿ ಹೋಗುವುದಿಲ್ಲ, ಅದು ಬೆಳೆಯುತ್ತದೆ. ಡೆಲಿವರಿಯೊಂದನ್ನೇ ನಂಬಿ ಬಾಡಿಗೆ ಕಟ್ಟುವುದು ಮಾತ್ರ ಯಾರಿಗೂ ಸಲೀಸಾಗಿಲ್ಲ.

ಇನ್ನು ಐದು ಹೆಸರಿನ ಉಪಾಯ. ಒಂದೇ ಒಲೆಯ ಅಡುಗೆಯನ್ನು ಹಲವು ಹೆಸರಿನಲ್ಲಿ ಮಾರುವುದು ಕೆಲವು ವರ್ಷ ನಡೆಯಿತು. 2023ರಲ್ಲಿ ಉಬರ್ ಈಟ್ಸ್ ಅಮೆರಿಕದಲ್ಲಿ ಇಂಥ ನಕಲು ಹೆಸರುಗಳನ್ನು ಸಾವಿರಗಟ್ಟಲೆ ಕಿತ್ತುಹಾಕಿತು. ಒಂದೇ ಅಡುಗೆಮನೆಯ ಅದದೇ ಮೆನು ಹಲವು ಹೆಸರಿನಲ್ಲಿ ಕಂಡು ಗಿರಾಕಿಗಳ ನಂಬಿಕೆ ಕೆಡುತ್ತದೆ ಎಂಬುದು ಒಂದು ಕಾರಣ. ನಿಮಗೆ ಇನ್ನೂ ದೊಡ್ಡ ಕಾರಣವಿದೆ: ಐದು ಮೆನುವೆಂದರೆ ಐದು ಬಗೆಯ ದಾಸ್ತಾನು. ಪಿಜ್ಜಾದ ಚೀಸ್, ರೋಲ್‌ನ ಪರೋಟ, ಚೈನೀಸ್‌ನ ಸಾಸ್, ನೆನೆಸಿಟ್ಟ ಚಿಕನ್ ಎಲ್ಲಕ್ಕೂ ಫ್ರಿಜ್ ಬೇಕು, ಎಲ್ಲವೂ ಕೆಡುತ್ತವೆ. ದಿನಕ್ಕೆ ಇಪ್ಪತ್ತು ಆರ್ಡರ್ ಬಂದರೆ ಒಂದೊಂದು ಹೆಸರಿಗೆ ನಾಲ್ಕು. ನಾಲ್ಕು ಆರ್ಡರ್‌ಗೆ ಮಾಡಿಟ್ಟ ಸಾಮಾನಿನಲ್ಲಿ ಅರ್ಧ ಚೆಲ್ಲುವುದೇ. ಬೆಂಗಳೂರಿನಲ್ಲಿ ಒಂದು ಬಡಾವಣೆಯ ಸುತ್ತ ಲಕ್ಷ ಜನ ಸಿಗುತ್ತಾರೆ. ಬಾಗಲಕೋಟೆ ಇಡೀ ನಗರದ ಜನಸಂಖ್ಯೆ 2011ರ ಗಣತಿಯಲ್ಲಿ 1.12 ಲಕ್ಷ. ಅಲ್ಲಿನ ಉಪಾಯವನ್ನು ಇಲ್ಲಿಗೆ 3.5 ಲಕ್ಷಕ್ಕೆ ಕೊಳ್ಳಬೇಡಿ. ಅವರು ಮಾಡಿಕೊಡುವ ಕೆಲಸದಲ್ಲಿ ಆ್ಯಪ್ ನೋಂದಣಿ, ಫೋಟೊ, ಮೆನು ಬರೆಯುವುದು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಆ ನೋಂದಣಿಯನ್ನು ಪ್ಯಾನ್, ಬ್ಯಾಂಕ್ ಖಾತೆ, ಆಹಾರ ಪರವಾನಗಿ ಇಟ್ಟುಕೊಂಡು ನೀವೇ ಮೊಬೈಲಿನಲ್ಲಿ ಮಾಡಬಹುದು.

ಗೆಳೆಯನ ಭಯಕ್ಕೆ ಬರೋಣ. ಆ್ಯಪ್‌ನವರೇ ಅಡುಗೆಗೆ ಇಳಿದದ್ದು ಸುಳ್ಳಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಚಹಾ, ಸಮೋಸಾ, ಸ್ಯಾಂಡ್‌ವಿಚ್ ಕೊಡಲು ಬ್ಲಿಂಕಿಟ್‌ನವರು ಬಿಸ್ಟ್ರೊ, ಸ್ವಿಗ್ಗಿಯವರು ಸ್ನ್ಯಾಕ್, ಜೆಪ್ಟೊದವರು ಕೆಫೆ ಎಂದು ದೊಡ್ಡ ನಗರಗಳಲ್ಲಿ ಶುರುಮಾಡಿದರು. ಹೋಟೆಲ್ ಸಂಘಟನೆಗಳು ಇದನ್ನು ಗಟ್ಟಿಯಾಗಿಯೇ ವಿರೋಧಿಸಿವೆ. ಆದರೆ ಆ ಲೆಕ್ಕ ಕೂಡಿಬರಲು ಎರಡು ಮೂರು ಕಿಲೋಮೀಟರಿನೊಳಗೆ ದಿನಕ್ಕೆ ನೂರಾರು ಆರ್ಡರ್ ಬೇಕು, ತಿನಿಸು ಮೊದಲೇ ತಯಾರಾಗಿ ಬರೀ ಬಿಸಿ ಮಾಡುವಂಥದ್ದಾಗಿರಬೇಕು. ಎಣ್ಣೆಗಾಯಿ, ಬಿಸಿ ರೊಟ್ಟಿ ಆ ಜಾತಿಗೆ ಸೇರುವುದಿಲ್ಲ. ನಿಮ್ಮ ಗೆಳೆಯನ ಮೊದಲ ಮಾತನ್ನು, ಅಂದರೆ ಕಮಿಷನ್ನಿನ ಮಾತನ್ನು, ಹೆಚ್ಚು ಗಂಭೀರವಾಗಿ ತಗೊಳ್ಳಬೇಕು.

160 ರೂಪಾಯಿಯ ಊಟದ ಲೆಕ್ಕ

ಆ್ಯಪ್‌ನಲ್ಲಿ ಒಂದು ರೊಟ್ಟಿ ಊಟಕ್ಕೆ 160 ರೂಪಾಯಿ ಇಟ್ಟಿರಿ ಎಂದುಕೊಳ್ಳಿ. ಎರಡು ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಅನ್ನ, ಸಾರು, ಮೊಸರು. ಕಮಿಷನ್ ಒಬ್ಬೊಬ್ಬರಿಗೆ ಒಂದೊಂದು ದರ, ಶೇ. 22 ಎಂದು ಹಿಡಿಯೋಣ. ಅದು 35.20. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, 6.34. ಹಣ ಪಾವತಿಯ ಶುಲ್ಕ ಶೇ. 2ರಂತೆ ತೆರಿಗೆ ಸೇರಿ 3.78. ಒಟ್ಟು 45 ರೂಪಾಯಿ ಹೋಗಿ ನಿಮ್ಮ ಖಾತೆಗೆ ಹತ್ತಿರ ಹತ್ತಿರ 115 ಬರುತ್ತದೆ. ಕಮಿಷನ್ ಮೇಲಿನ ಆ ಜಿಎಸ್‌ಟಿಯನ್ನು ಹಿಂದಕ್ಕೆ ಪಡೆಯಲು ದಾರಿಯಿಲ್ಲ, ಏಕೆಂದರೆ ಶೇ. 5ರ ದರದಲ್ಲಿರುವ ಹೋಟೆಲ್ ಊಟಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. "ಕಮಿಷನ್ 22" ಎಂದು ಒಪ್ಪಂದದಲ್ಲಿ ಓದಿದಾಗಲೆಲ್ಲ ಮನಸ್ಸಿನಲ್ಲಿ 26 ಎಂದು ಬರೆದುಕೊಳ್ಳಿ.

115ರಲ್ಲಿ ಸಾಮಾನಿನ ಖರ್ಚು 52, ಡಬ್ಬ-ಚೀಲ 14, ಗ್ಯಾಸ್ 5 ಕಳೆಯಿರಿ. 44 ಉಳಿಯಿತು.

ಈಗ ತಿಂಗಳ ಕಟ್ಟು ಖರ್ಚು. ಬಾಡಿಗೆ 9,000, ತಮ್ಮನ ಪಗಾರ 16,000, ಸಹಾಯಕ್ಕೆ ಒಬ್ಬರಿಗೆ 10,000, ಕರೆಂಟು-ನೀರು 3,500, ಫೋನು, ಇಂಟರ್ನೆಟ್ 1,000, ದುರಸ್ತಿ-ಸವಕಳಿ 3,000. ಒಟ್ಟು 42,500. ತಮ್ಮನಿಗೆ ಪಗಾರ ಯಾಕೆ ಎಂದು ಕೇಳಬೇಡಿ. ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ "ಲಾಭ ಐತಿ" ಎಂದುಕೊಂಡು ಎರಡು ವರ್ಷ ನಡೆಸಿದ ಮೇಲೆ ಕಣ್ಣು ತೆರೆಯುವುದು ಈ ಧಂದೆಯಲ್ಲಿ ಮಾಮೂಲು. ನಿಮ್ಮ ಮತ್ತು ಅವ್ವನ ಪಗಾರವನ್ನು ನಾನು ಇನ್ನೂ ಸೇರಿಸಿಲ್ಲ. 42,500ನ್ನು 44ರಿಂದ ಭಾಗಿಸಿದರೆ ತಿಂಗಳಿಗೆ 970ರ ಹತ್ತಿರ, ದಿನಕ್ಕೆ 32-33 ಆರ್ಡರ್. ಬರೀ ಸರಿಹೋಗಲು ಅಷ್ಟು ಬೇಕು.

ಇದು ಒಳ್ಳೆಯ ದಿನದ ಲೆಕ್ಕ. ಹೊಸ ಹೆಸರಿಗೆ ಆರ್ಡರ್ ಬರಬೇಕಾದರೆ ಶೇ. 20 ರಿಯಾಯಿತಿ ಕೊಡಿ, ಆ್ಯಪ್‌ನಲ್ಲಿ ಮೇಲೆ ಕಾಣಿಸಲು ಜಾಹೀರಾತು ಹಾಕಿ ಎಂದು ಕಂಪನಿಯ ಹುಡುಗ ಫೋನ್ ಮಾಡುತ್ತಾನೆ. ರಿಯಾಯಿತಿ ನಿಮ್ಮ ಜೇಬಿನಿಂದ. 160 ಈಗ 128 ಆಯಿತು. ಅದರ ಮೇಲೆ ಕಮಿಷನ್, ತೆರಿಗೆ, ಪಾವತಿ ಶುಲ್ಕ 36, ಜಾಹೀರಾತಿಗೆ ಶೇ. 5 ಎಂದರೂ ತೆರಿಗೆ ಸೇರಿ ಏಳೂವರೆ. ಕೈಗೆ ಬಂದದ್ದು 84. ಅಡುಗೆಯ ಖರ್ಚು ಮಾತ್ರ ಅದೇ 71. ಉಳಿದದ್ದು 13 ರೂಪಾಯಿ. ಈಗ ಸರಿಹೋಗಲು ದಿನಕ್ಕೆ ಸುಮಾರು 109 ಆರ್ಡರ್ ಬೇಕು! ಬೆಲೆ ಇಳಿದದ್ದು ಐದರಲ್ಲಿ ಒಂದು ಪಾಲು, ಬೇಕಾದ ಆರ್ಡರ್ ಮೂರು ಪಟ್ಟಿಗಿಂತ ಹೆಚ್ಚು. ಈ ಧಂದೆಯಲ್ಲಿ ಮುಳುಗುವವರು ಹೆಚ್ಚಾಗಿ ಮುಳುಗುವುದು ಇಲ್ಲೇ; ಆರ್ಡರ್ ಇಲ್ಲದೆ ಅಲ್ಲ, ರಿಯಾಯಿತಿಯ ಆರ್ಡರ್ ಜಾಸ್ತಿಯಾಗಿ. ಬಿಡುವಿಲ್ಲದೆ ದುಡಿಯುತ್ತಿರುತ್ತಾರೆ, ಆ್ಯಪ್‌ನಿಂದ ವಾರದ ಹಣ ಬಂದಾಗ ಕಿರಾಣಿ ಬಾಕಿಗೂ ಸಾಲದು.

ಬಾಗಲಕೋಟೆಯಲ್ಲಿ ದಿನಕ್ಕೆ 33 ಆರ್ಡರ್ ಸಿಗುತ್ತದೆಯೇ? ಇದನ್ನು ಊಹಿಸಬೇಡಿ, ಎಣಿಸಿ. ಒಂದು ವಾರ, ಮಧ್ಯಾಹ್ನ 12.30ರಿಂದ 2.30, ರಾತ್ರಿ 7.30ರಿಂದ 10ರವರೆಗೆ, ನವನಗರದಲ್ಲೂ ವಿದ್ಯಾಗಿರಿಯಲ್ಲೂ ಚೆನ್ನಾಗಿ ನಡೆಯುವ ಎರಡು ಮೂರು ಹೋಟೆಲ್ ಮುಂದೆ ನಿಂತು ಡೆಲಿವರಿ ಹುಡುಗರು ಎಷ್ಟು ಚೀಲ ಒಯ್ದರೆಂದು ಬರೆದುಕೊಳ್ಳಿ. ಆ ಹುಡುಗರನ್ನೇ ಒಂದು ಚಹಾ ಕುಡಿಸಿ ಕೇಳಿ: ದಿನಕ್ಕೆ ಎಷ್ಟು ಆರ್ಡರ್, ಯಾವ ಸೆಕ್ಟರ್‌ನಿಂದ ಹೆಚ್ಚು, ಏನು ಹೆಚ್ಚು ಹೋಗುತ್ತದೆ, ಎಲ್ಲಿ ಹೆಚ್ಚು ಕಾಯಿಸುತ್ತಾರೆ. ಊರಿನ ಆರ್ಡರ್ ಲೆಕ್ಕ ಅವರಷ್ಟು ಯಾವ ಸಲಹೆಗಾರನಿಗೂ ಗೊತ್ತಿರುವುದಿಲ್ಲ. ಹೆಸರು ಮಾಡಿದ ಹೋಟೆಲಿಗೇ ದಿನಕ್ಕೆ 40 ಚೀಲ ಹೋಗುತ್ತಿದ್ದರೆ, ಹೊಸಬರಾದ ನಿಮಗೆ ಮೊದಲ ವರ್ಷ 10-12 ಸಿಕ್ಕರೆ ಪುಣ್ಯ.

ನಿಮ್ಮ ಊರಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಬಾಗಲಕೋಟೆ ಹಳೆ ಊರು, ವಿದ್ಯಾಗಿರಿ, ನವನಗರ ಎಂದು ಮೂರು ತುಂಡಾಗಿ ಹರಡಿದೆ. ಮೂರೂ ಕಡೆ ಗಿರಾಕಿ ಇದ್ದಾರೆ, ಆದರೆ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಊಟ ಆರುತ್ತದೆ, ಡೆಲಿವರಿ ಶುಲ್ಕವೂ ಏರುತ್ತದೆ. ವಿದ್ಯಾಗಿರಿಯ ಮಳಿಗೆ ನಡುವೆ ಇರುವುದರಿಂದ ಜಾಗ ಒಳ್ಳೆಯದೇ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಹತ್ತಿರ. ನವನಗರದ ವೈದ್ಯಕೀಯ ಕಾಲೇಜು, ಎಚ್.ಎಸ್.ಕೆ. ಆಸ್ಪತ್ರೆ, ಜಿಲ್ಲಾ ಕಚೇರಿಗಳು ಸ್ವಲ್ಪ ದೂರ. ಕಾಲೇಜು ರಜೆಯ ತಿಂಗಳುಗಳಲ್ಲಿ ವಿದ್ಯಾಗಿರಿಯ ಆರ್ಡರ್ ಅರ್ಧಕ್ಕೆ ಇಳಿಯಬಹುದು. ಆಸ್ಪತ್ರೆಗೆ ರಜೆಯಿಲ್ಲ ಎಂಬುದನ್ನು ನೆನಪಿಡಿ.

ಡಬ್ಬಿಯನ್ನು ಅಡಿಪಾಯ ಮಾಡಿ

ಕೂರಲು ಜಾಗವಿಲ್ಲದೆ ಊಟ ಕಳಿಸುವ ಧಂದೆ ನಮ್ಮ ಕಡೆ ಹೊಸದಲ್ಲ. ಖಾನಾವಳಿಯಿಂದ ರೂಮಿಗೆ, ಕಚೇರಿಗೆ, ಆಸ್ಪತ್ರೆಗೆ ಹೋಗುವ ತಿಂಗಳ ಡಬ್ಬಿ ಅದೇ ತಾನೆ? ಡಬ್ಬಿಗೆ ಕಮಿಷನ್ನಿಲ್ಲ. ನಾಳೆ ಎಷ್ಟು ಊಟ ಹೋಗುತ್ತದೆಂದು ಇವತ್ತೇ ಗೊತ್ತು. ಚೆಲ್ಲುವುದು ಕಡಿಮೆ.

ತಿಂಗಳಿಗೆ 26 ಊಟ, 2,400 ರೂಪಾಯಿ ಎಂದು ಇಡೋಣ. ಊಟಕ್ಕೆ 92 ಬಿತ್ತು. ಸಾಮಾನು 52, ಗ್ಯಾಸ್ 5, ತಲುಪಿಸುವ ಖರ್ಚು 12 ಕಳೆದರೆ 23 ಉಳಿಯುತ್ತದೆ. ಆ್ಯಪ್‌ನ 44ಕ್ಕಿಂತ ಕಡಿಮೆ ಅನ್ನಿಸಬಹುದು. ಆದರೆ ಒಂದು ಡಬ್ಬಿ ತಿಂಗಳಿಗೆ 600 ತರುತ್ತದೆ, ತಪ್ಪದೆ, ಜಾಹೀರಾತಿಲ್ಲದೆ, ರಿಯಾಯಿತಿಯಿಲ್ಲದೆ. 45 ಡಬ್ಬಿ ಹಿಡಿದರೆ 27,000. ಉಳಿದ ಹದಿನೈದೂವರೆ ಸಾವಿರಕ್ಕೆ ಆ್ಯಪ್‌ನಿಂದ ದಿನಕ್ಕೆ 12 ಆರ್ಡರ್ ಸಾಕು. ಮೂವತ್ಮೂರು ಬೇಕಾದಲ್ಲಿ ಹನ್ನೆರಡು. ನಿಮ್ಮ ಊರಿನಲ್ಲಿ ಇದು ಕೈಗೆಟುಕುವ ಅಂಕಿ.

ಡಬ್ಬಿಗೂ ಅದರದೇ ಕಾಟಗಳಿವೆ. ಉದ್ರಿ ಮೊದಲನೆಯದು. ತಿಂಗಳು ಮುಗಿದ ಮೇಲೆ ಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ. ಮುಂಗಡವೇ ಇರಲಿ, ಇಲ್ಲವಾದರೆ ಹದಿನೈದು ದಿನಕ್ಕೊಮ್ಮೆ. ಒಬ್ಬರಿಗೆ ಎರಡು ಸ್ಟೀಲ್ ಡಬ್ಬಿ ಬೇಕು, ಒಂದು ಅವರ ಬಳಿ ಇದ್ದಾಗ ಇನ್ನೊಂದು ನಿಮ್ಮ ಬಳಿ ತೊಳೆಯುತ್ತಿರುತ್ತದೆ. 45 ಜನಕ್ಕೆ 90 ಡಬ್ಬಿ ಎಂದರೆ ಸಣ್ಣ ಬಂಡವಾಳವಲ್ಲ. ಪ್ರತಿಯೊಬ್ಬರಿಂದ 300 ಡಿಪಾಸಿಟ್ ಇಟ್ಟುಕೊಳ್ಳಿ, ಡಬ್ಬಿಯ ತಳಕ್ಕೆ ನಂಬರು ಕೊರೆಸಿ. ಊರಿಗೆ ಹೋದ ದಿನ ಹಣ ಕಡಿಯಿರಿ ಎನ್ನುವವರಿಗೆ ಹಿಂದಿನ ರಾತ್ರಿ ಎಂಟರೊಳಗೆ ಹೇಳಬೇಕೆಂಬ ನೇಮ ಮೊದಲ ದಿನವೇ ಬರೆದು ಕೊಡಿ. ಒಂದೇ ಪಲ್ಯ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದರೆ ಎರಡನೇ ತಿಂಗಳು ಡಬ್ಬಿ ನಿಲ್ಲಿಸುತ್ತಾರೆ. ಇಷ್ಟು ನೋಡಿಕೊಂಡರೆ ಅವ್ವನ ರೊಟ್ಟಿ ಇರುವ ನಿಮಗೆ ಗಿರಾಕಿ ಹುಡುಕುವುದು ಕಷ್ಟವಾಗಲಾರದು.

ಹಾಗಾದರೆ ಆ್ಯಪ್ ಯಾಕೆ? ಹೊಸಬರಿಗೆ ನಿಮ್ಮ ಹೆಸರು ಮುಟ್ಟಿಸಲು. ಅಲ್ಲಿ ಹದಿನೈದು ಇಪ್ಪತ್ತು ತಿನಿಸುಗಳಿಗಿಂತ ಹೆಚ್ಚು ಇಡಬೇಡಿ. ಬೆಲೆಯನ್ನು ನೇರ ಗಿರಾಕಿಗಿಂತ ಮೇಲೆಯೇ ಇಡಿ. ಆ್ಯಪ್‌ನವರು ಗಿರಾಕಿಯ ನಂಬರು ಸಾಮಾನ್ಯವಾಗಿ ನಿಮಗೆ ಕೊಡುವುದಿಲ್ಲ. ಚೀಲದಲ್ಲಿ ನಿಮ್ಮ ಚೀಟಿ ಹಾಕುವ ಮೊದಲು, ಬೆಲೆ ಬೇರೆ ಬೇರೆ ಇಡುವ ಮೊದಲು ಒಪ್ಪಂದದ ಷರತ್ತು ಓದಿ. "ತಯಾರಾಗಿದೆ" ಗುಂಡಿಯನ್ನು ಊಟ ಖರೆಯೇ ತಯಾರಾದ ಮೇಲೆ ಒತ್ತಿ. ಮುಂಚೆಯೇ ಒತ್ತಿದರೆ ಹುಡುಗ ಬಂದು ಕಾಯುತ್ತಾನೆ, ಕಾಯಿಸುವ ಅಡುಗೆಮನೆಯೆಂದು ಲೆಕ್ಕ ಬೀಳುತ್ತದೆ, ನಿಮ್ಮ ಹೆಸರು ಕೆಳಗೆ ಜಾರುತ್ತದೆ. ಕಳಿಸುವ ಮೊದಲು ತೆರೆದ ಡಬ್ಬಗಳ ಒಂದು ಫೋಟೊ, ಮುಚ್ಚಿ ಟೇಪ್ ಹಚ್ಚಿದ ಮೇಲೆ ಒಂದು ಫೋಟೊ ತೆಗೆದಿಡಿ. "ಪಲ್ಯ ಬಂದಿಲ್ಲ" ಎಂಬ ದೂರಿಗೆ ನಿಮ್ಮ ಹಣ ಕಡಿದಾಗ ತೋರಿಸಲು ಬೇರೆ ಆಧಾರ ಇರುವುದಿಲ್ಲ.

ರೊಟ್ಟಿ ಪಯಣ ಮಾಡುತ್ತದೆಯೇ?

ಇದನ್ನು ನೀವು ಕೇಳಿಲ್ಲ. ಆದರೆ ರೇಟಿಂಗ್ ಬೀಳುವುದು ಹೆಚ್ಚಾಗಿ ರುಚಿಯಿಂದಲ್ಲ, ಡಬ್ಬ ತೆರೆದಾಗ ಕಂಡದ್ದರಿಂದ.

ಹೆಂಚಿನಿಂದ ತೆಗೆದ ರೊಟ್ಟಿಯನ್ನು ಕೂಡಲೇ ಮುಚ್ಚಿದ ಡಬ್ಬಕ್ಕೆ ಹಾಕಿದರೆ ಅದರ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ರೊಟ್ಟಿ ಮೇಲೆ ಬೀಳುತ್ತದೆ. ಅಡಿಯ ರೊಟ್ಟಿ ಹಸಿಯಾಗಿ ಒಂದಕ್ಕೊಂದು ಅಂಟುತ್ತದೆ. ಹಾಗೆಂದು ತೆರೆದಿಟ್ಟರೆ ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲದ್ದರಿಂದ ಆರಿದಂತೆ ಬಿರುಸಾಗಿ ಮುರಿಯುತ್ತದೆ. ನಡುದಾರಿ ಏನೆಂದರೆ ತಂತಿಯ ಜಾಳಿಗೆಯ ಮೇಲೆ ಒಂದೆರಡು ನಿಮಿಷ ಹರವಿ, ಹಬೆ ಹೋದ ಮೇಲೆ ಬಟರ್ ಪೇಪರಿನಲ್ಲಿ ಸಡಿಲವಾಗಿ ಮಡಚಿ, ತೂತಿರುವ ರಟ್ಟಿನ ಪೆಟ್ಟಿಗೆಗೆ ಹಾಕುವುದು. ಹಳೆ ಪೇಪರಿನಲ್ಲಿ ಸುತ್ತಬೇಡಿ. ಮುದ್ರಣದ ಶಾಯಿ ಊಟಕ್ಕೆ ಹತ್ತುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಇಷ್ಟು ಮಾಡಿದರೂ ಬಿಸಿ ರೊಟ್ಟಿಯ ಆಯುಷ್ಯ ಅರ್ಧ ಗಂಟೆ. ಮೂರು ಕಿಲೋಮೀಟರ್ ದಾಟಿದ ಆರ್ಡರ್‌ಗೆ ಖಡಕ್ ರೊಟ್ಟಿಯೇ ಸರಿ. ಅದು ಸೊಲ್ಲಾಪುರಕ್ಕೆ ಹೋದರೂ ಕೆಡುವುದಿಲ್ಲ. ಆ್ಯಪ್‌ನಲ್ಲಿ "ಬಿಸಿ" ಮತ್ತು "ಖಡಕ್" ಎರಡನ್ನೂ ಬೇರೆ ಬೇರೆ ಇಡಿ, ಹಳೆ ಊರಿನವರು ತಾವೇ ಖಡಕ್ ಆರಿಸಿಕೊಳ್ಳುತ್ತಾರೆ.

ಎಣ್ಣೆಗಾಯಿಯ ಕಾಟ ಎಣ್ಣೆಯೇ. ಹಾದಿಯಲ್ಲಿ ಅಲುಗಿ ಮೇಲೆ ತೇಲಿದ ಎಣ್ಣೆ ಮುಚ್ಚಳದ ಸಂದಿಯಿಂದ ಇಳಿದು ಚೀಲವೆಲ್ಲ ಕೆಂಪಾಗುತ್ತದೆ. ಪಾರ್ಸಲ್‌ಗೆ ಮಾಡುವಾಗ ಎಣ್ಣೆಯನ್ನು ಕಾಲುಭಾಗ ಕಡಿಮೆ ಮಾಡಿ, ಹುರಿದ ಶೇಂಗಾ-ಎಳ್ಳಿನ ಪುಡಿಯನ್ನು ಒಂದು ಚಮಚ ಹೆಚ್ಚಿಸಿ. ಗೊಜ್ಜು ಗಟ್ಟಿಯಾಗಿ ಎಣ್ಣೆಯನ್ನು ಹಿಡಿದಿಡುತ್ತದೆ. ತಳದಲ್ಲಿ "5" ಎಂಬ ಗುರುತಿರುವ 250 ಮಿ.ಲೀ. ಪ್ಲಾಸ್ಟಿಕ್ ಡಬ್ಬ ಬಿಸಿಗೆ ತಡೆಯುತ್ತದೆ. ಮೇಲೆ ಒಂದು ಬೆರಳು ಖಾಲಿ ಬಿಡಿ. ಅಂಚನ್ನು ಒಣ ಬಟ್ಟೆಯಿಂದ ಒರೆಸದೆ ಮುಚ್ಚಳ ಒತ್ತಬೇಡಿ; ಅಂಚಿನಲ್ಲಿ ಎಣ್ಣೆಯ ಜಿಡ್ಡಿದ್ದರೆ ಎಂಥ ಮುಚ್ಚಳವೂ ಜಾರುತ್ತದೆ. ಕುದಿಯುವ ಸಾರನ್ನು ಹಾಗೇ ಮುಚ್ಚಿದರೆ ಹಬೆ ಮುಚ್ಚಳವನ್ನು ಎತ್ತುತ್ತದೆ, ಎರಡು ನಿಮಿಷ ಬಿಟ್ಟು ಮುಚ್ಚಿ. ಡಬ್ಬಕ್ಕೆ ಕ್ಲಿಂಗ್ ಫಿಲ್ಮ್ (ಅಂಟುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತುವ ಉಪಾಯವನ್ನು ಯೂಟ್ಯೂಬಿನಲ್ಲಿ ನೋಡಿರುತ್ತೀರಿ. ಕರ್ನಾಟಕ 2016ರಲ್ಲೇ ಅದನ್ನು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಚಮಚಗಳ ಜೊತೆಗೇ ನಿಷೇಧಿಸಿದೆ. ಬಟ್ಟೆ ಇಲ್ಲವೇ ಕಾಗದದ ಚೀಲ, ಕಟ್ಟಿಗೆಯ ಚಮಚ ಬಳಸಿ. ದಂಡ ಕಟ್ಟಿದರೆ ಒಂದು ವಾರದ ಲಾಭ ಹೋಯಿತು.

ಮೊಸರನ್ನು ಕೊನೆಯ ಗಳಿಗೆಯವರೆಗೂ ಫ್ರಿಜ್‌ನಲ್ಲಿಟ್ಟು ಬೇರೆ ಚೀಲದಲ್ಲಿ ಕಳಿಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಿಸಿ ಸಾರಿಗೆ ಅಂಟಿಕೊಂಡು ಹೋದ ಮೊಸರು ಹುಳಿಯಾಗದೆ ಇರದು. ಬಿಸಿ ಅಡುಗೆ 60 ಡಿಗ್ರಿ ಮೇಲೆ, ತಣ್ಣನೆಯದು 5 ಡಿಗ್ರಿ ಕೆಳಗೆ ಇರಬೇಕೆಂಬುದು ನೇಮ. ಐದಾರು ನೂರು ರೂಪಾಯಿಯ ಥರ್ಮಾಮೀಟರ್ ಒಂದನ್ನು ಕೊಂಡು ದಿನಕ್ಕೆರಡು ಸಲ ನೋಡಿ. ಗಿರ್ಮಿಟ್ ಕಳಿಸಬಹುದು, ಚುರುಮುರಿ ಮತ್ತು ಗೊಜ್ಜು ಬೇರೆ ಬೇರೆ ಕಟ್ಟಿದರೆ. ಮಿರ್ಚಿ ಭಜಿ ಬೇಡ. ಅದನ್ನು ಬಾಣಲೆಯ ಮುಂದೆ ನಿಂತೇ ತಿನ್ನಬೇಕು.

ಕಾಗದಪತ್ರ ಮತ್ತು ತೆರಿಗೆ

ಕೂರಲು ಜಾಗವಿಲ್ಲ ಎಂದ ಮಾತ್ರಕ್ಕೆ ಪರವಾನಗಿ ಬೇಡವೆಂದಲ್ಲ. ಆಹಾರ ಪ್ರಾಧಿಕಾರದ 14 ಅಂಕಿಯ ನೋಂದಣಿ ಅಥವಾ ಲೈಸೆನ್ಸ್ ಇಲ್ಲದೆ ಆ್ಯಪ್ ನಿಮ್ಮನ್ನು ಸೇರಿಸಿಕೊಳ್ಳುವುದೇ ಇಲ್ಲ. ಆ ಪ್ರಾಧಿಕಾರದ ಫಾಸ್ಕಾಸ್ (FoSCoS) ಎಂಬ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು, ಆ ಸಂಖ್ಯೆ ಬಿಲ್ಲಿನ ಮೇಲೂ ಇರಬೇಕು. ನಗರಸಭೆಯ ಉದ್ದಿಮೆ ಪರವಾನಗಿ ಬೇಕು. ಮುಂದೆ ನವನಗರದಲ್ಲಿ ಜಾಗ ನೋಡಿದರೆ ಆ ನಿವೇಶನವನ್ನು ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ವಾಸಕ್ಕೆ ಕೊಟ್ಟಿದೆಯೋ ವಾಣಿಜ್ಯಕ್ಕೋ ಎಂದು ಮಾಲೀಕರ ಪತ್ರ ನೋಡಿಯೇ ಮುಂಗಡ ಕೊಡಿ. ಗ್ಯಾಸ್ 19 ಕಿಲೋದ ವಾಣಿಜ್ಯ ಸಿಲಿಂಡರೇ ಆಗಬೇಕು. ಮನೆಯ 14.2 ಕಿಲೋದ ಸಿಲಿಂಡರಿನಲ್ಲಿ ಮಾರಾಟದ ಅಡುಗೆ ಮಾಡುವುದು ಅಪರಾಧ, ಅನಾಹುತವಾದರೆ ವಿಮೆಗೂ ತೊಡಕು.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಜಾಸ್ತಿ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ಶೇ. 5 ತೆರಿಗೆಯನ್ನು ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವುದು ಆ್ಯಪ್ ಕಂಪನಿ, ನೀವಲ್ಲ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಆ್ಯಪ್ ಮೇಲೆ ಮಾರುತ್ತೀರಿ ಎಂಬ ಒಂದೇ ಕಾರಣಕ್ಕೆ ನೀವು ನೋಂದಣಿ ಮಾಡಿಸಬೇಕಿಲ್ಲ. ಆದರೆ ಆ 20 ಲಕ್ಷ ಎಣಿಸುವಾಗ ಆ್ಯಪ್‌ನ ಮಾರಾಟವೂ ಸೇರುತ್ತದೆ. ಮೇಲಿನ 45 ಡಬ್ಬಿ, 12 ಆರ್ಡರ್ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸಿ ನೋಡಿ: 12.96 ಲಕ್ಷ ಮತ್ತು 6.91 ಲಕ್ಷ, ಒಟ್ಟು 19.87 ಲಕ್ಷ. ಅಂದರೆ ನಷ್ಟವಿಲ್ಲದ ಗೆರೆಯೂ ತೆರಿಗೆಯ ಗೆರೆಯೂ ನಿಮಗೆ ಒಂದೇ ಕಡೆ ಬಿದ್ದಿವೆ. ಲಾಭ ಕಂಡ ವರ್ಷ ನೋಂದಣಿ ಆಗಲೇಬೇಕು, ಡಬ್ಬಿಯ ಮೇಲೆ ಶೇ. 5 ಕಟ್ಟಲೇಬೇಕು. ಆಗ 2,400ರ ಡಬ್ಬಿ 2,520 ಆಗುತ್ತದೆಂದು ಗಿರಾಕಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಡಬ್ಬಿ ಹಣ ಫೋನ್‌ಪೇಗೆ ಬಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ, 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿಯೇ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ್ದನ್ನು ನೆನಪಿಸಿ.

ಮುಂದೆ ಡೆಲಿವರಿ ಅಗ್ಗವಾಗುತ್ತದೆ ಎಂದೂ ಎಣಿಸಬೇಡಿ. ಗಿರಾಕಿಯಿಂದ ವಸೂಲಾಗುವ ಪ್ಲಾಟ್‌ಫಾರ್ಮ್ ಶುಲ್ಕ 2023ರಲ್ಲಿ 2 ರೂಪಾಯಿಯಿಂದ ಶುರುವಾಗಿ 2025ರ ಹಬ್ಬದ ಹೊತ್ತಿಗೆ ಹತ್ತು ದಾಟಿತು. ಅದೇ ಸೆಪ್ಟೆಂಬರ್ 22ರಿಂದ ಡೆಲಿವರಿ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿಯನ್ನು ಆ್ಯಪ್‌ಗಳೇ ಕಟ್ಟಬೇಕಾಯಿತು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಡೆಲಿವರಿ ಹುಡುಗರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ. ಬಿಸಿಲಲ್ಲಿ ಬೈಕ್ ಓಡಿಸುವವರಿಗೆ ಅದು ಸಿಗಬೇಕಾದದ್ದೇ. ಈ ಖರ್ಚುಗಳು ತಿರುಗಿ ಗಿರಾಕಿಯ ಬಿಲ್ಲಿಗೋ ಹೋಟೆಲಿನ ಕಮಿಷನ್ನಿಗೋ ಬಂದು ಬೀಳುತ್ತವೆ. ಕಮಿಷನ್ ಕಡಿಮೆ ಇರುವ, ಇಲ್ಲವೇ ಇಲ್ಲದ ದಾರಿಗಳೂ ಹುಟ್ಟುತ್ತಿವೆ. ಸರ್ಕಾರದ ಬೆಂಬಲದ ಆನ್‌ಲೈನ್ ಮಾರಾಟ ಜಾಲ ಒಎನ್‌ಡಿಸಿ ಇದೆ, ರ‍್ಯಾಪಿಡೊ ಬೆಂಗಳೂರಿನಲ್ಲಿ ಓನ್ಲಿ ಎಂಬ ಸೇವೆ ಶುರುಮಾಡಿದೆ. ಬಂದರೆ ಸೇರಿಕೊಳ್ಳಿ. ಅವನ್ನು ನಂಬಿ ಇವತ್ತು ಬಾಡಿಗೆ ಒಪ್ಪಬೇಡಿ.

ಈಗ ರೊಕ್ಕದ ಮಾತು. ನನ್ನ ಸಲಹೆ, ಮಳಿಗೆಗೆ ಮುಂಗಡ ಕೊಡುವ ಮೊದಲು ಆರು ವಾರ ಮನೆಯಿಂದಲೇ 20 ಡಬ್ಬಿ ನಡೆಸಿ. ಮನೆ ಅಡುಗೆಗೂ ಆಹಾರ ನೋಂದಣಿ ಸಿಗುತ್ತದೆ, ವಾಣಿಜ್ಯ ಸಿಲಿಂಡರ್ ತಗೊಳ್ಳಿ. ಅಷ್ಟರಲ್ಲಿ 52 ರೂಪಾಯಿಯ ಊಟ ನಿಜವಾಗಿ 52ಕ್ಕೆ ಆಗುತ್ತದೋ 63 ಆಗುತ್ತದೋ ಗೊತ್ತಾಗುತ್ತದೆ. ಬದನೆಕಾಯಿ, ಶೇಂಗಾ ದರ ಏರಿದ ವಾರ ಏನಾಗುತ್ತದೆಂದೂ. ಇಪ್ಪತ್ತರಲ್ಲಿ ಹದಿನೈದು ಜನ ಎರಡನೇ ತಿಂಗಳ ಮುಂಗಡ ಕೊಟ್ಟರೆ ಮಳಿಗೆ ಹಿಡಿಯಿರಿ. ಹತ್ತಕ್ಕಿಂತ ಕಡಿಮೆಯಾದರೆ ಕಾರಣ ಕೇಳಿ ಸರಿಮಾಡಿ, ಮಳಿಗೆ ಓಡಿಹೋಗುವುದಿಲ್ಲ. ಒಲೆ, ಸ್ಟೀಲ್ ಮೇಜು, ಫ್ರಿಜ್, ಹೊಗೆ ಎಳೆಯುವ ಫ್ಯಾನು, ಡಬ್ಬಿ ಎಲ್ಲ ಸೇರಿ ಎರಡೂವರೆ ಲಕ್ಷ ದಾಟಬೇಡಿ. ಮುಚ್ಚಿದ ಹೋಟೆಲಿನ ಸಾಮಾನು ಹುಬ್ಬಳ್ಳಿ, ಬೆಳಗಾವಿ ಕಡೆ ಅರ್ಧ ಬೆಲೆಗೆ ಸಿಗುತ್ತದೆ. ನಾಲ್ಕು ತಿಂಗಳ ಕಟ್ಟು ಖರ್ಚು 1.7 ಲಕ್ಷವನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಬೇಡಿ. ಉಳಿದದ್ದು ಡಿಪಾಸಿಟ್, ಪರವಾನಗಿ, ಮೊದಲ ತಿಂಗಳ ಕಿರಾಣಿಗೆ.

ಬಾಡಿಗೆ ಕರಾರು 11 ತಿಂಗಳಿಗೆ, ಎರಡು ತಿಂಗಳ ನೋಟಿಸಿಗೆ ಬಿಡುವಂತೆ ಬರೆಸಿ. ಹೊಗೆ ಕೊಳವೆ ಹಾಕಲು ಒಪ್ಪಿಗೆಯೂ ಅದರಲ್ಲೇ ಇರಲಿ. ಮೇಲ್ಮಹಡಿಯವರು ಖಾರದ ಘಾಟಿಗೆ ತಕರಾರು ತೆಗೆದು ಅಡುಗೆ ನಿಂತುಹೋಗುವುದು ಒಳರಸ್ತೆಗಳಲ್ಲಿ ಹೊಸದಲ್ಲ. ಮಳಿಗೆಗೆ ರಸ್ತೆ ಕಡೆ ಕಿಟಕಿ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದರ ಮುಂದೆ ಒಂದು ಹಲಗೆ ಹಾಕಿ. ಕಾಲೇಜಿನಿಂದ ನಡೆದು ಬಂದು ಒಯ್ಯುವ ಹುಡುಗನ ಊಟಕ್ಕೆ ಕಮಿಷನ್ನೂ ಇಲ್ಲ, ತಲುಪಿಸುವ ಖರ್ಚೂ ಇಲ್ಲ. ಇಲ್ಲದಿದ್ದರೆ ಒಡೆಸಲು ಮಾಲೀಕರು ಒಪ್ಪುವರೋ ಕೇಳಿ. ಒಪ್ಪದಿದ್ದರೆ ಸಾವಿರ ಹೆಚ್ಚು ಹೋದರೂ ಕಿಟಕಿ ಇರುವ ಮಳಿಗೆಯನ್ನೇ ನೋಡಿ.